ಬೀದರದ ಸುರಂಗಬಾವಿಗಳು

ಒಂದು ನಗರದ ಚರಿತ್ರೆಯನ್ನು ಅರಿಯಬೇಕಾದರೆ ಅದರ ಕೋಟೆಕೊತ್ತಲಗಳನ್ನಷ್ಟೇ ಅಲ್ಲ, ಅದರ ನೀರಿನ ದಾರಿಯನ್ನೂ ನೋಡಬೇಕು. ಬಗದಲ್, ಭಾಲ್ಕಿ, ಔರಾದಗಳ ಸೀಮೆಗೆ ಕೇಂದ್ರವಾದ ಬೀದರವು ಇದಕ್ಕೆ ಉತ್ತಮ ನಿದರ್ಶನವಾಗಿರುವುದು.

ಬಹಮನಿ ಸುಲ್ತಾನನಾದ ಅಹ್ಮದ್ ಷಾ ವಲಿಯು (1422–1436) ಕಲಬುರ್ಗಿಯಿಂದ ಇಲ್ಲಿಗೆ ರಾಜಧಾನಿಯನ್ನು ತಂದನು. ಅರಸನ ಹಿಂದೆಯೇ ಸೈನಿಕರೂ, ವರ್ತಕರೂ, ಪಾರಸಿಕ ದೇಶದ ವಿದ್ವಾಂಸರೂ ಬಂದರು. ಜನವು ಹೆಚ್ಚಿತು, ಆದರೆ ಊರು ಎತ್ತರವಾದ ಪ್ರಸ್ಥಭೂಮಿಯ ಮೇಲಿದ್ದಿತು, ಮಾಂಜ್ರಾ ನದಿಯು ದೂರದ ತಗ್ಗಿನಲ್ಲಿದ್ದಿತು.

ಈ ಕೊರತೆಗೆ ಉಪಾಯವನ್ನು ನೆಲವೇ ತೋರಿಸಿತು. ಮೇಲೆ ರಂಧ್ರಮಯವಾದ ಕೆಂಪು ಜಂಬಿಟ್ಟಿಗೆ, ಅದರ ಕೆಳಗೆ ಗಟ್ಟಿಯಾದ ಕಪ್ಪು ಶಿಲೆ. ಮಳೆಯ ನೀರು ಮೇಲಿನ ಪದರದೊಳಗೆ ಇಳಿದು, ಶಿಲೆಯ ಮೇಲೆ ತಡೆದು, ಪ್ರಸ್ಥಭೂಮಿಯ ಅಂಚಿನಲ್ಲಿ ಚಿಲುಮೆಯಾಗಿ ಹೊರಡುವುದು. ನಾನಕ್ ಝೀರಾದ ಒರತೆಯು ಇಂತಹುದೇ. ಈ ಅಂತರ್ಜಲವನ್ನು ಇಳಿಜಾರಾದ ಸುರಂಗದಿಂದ ಹರಿಯಿಸುವ ಪಾರಸಿಕ ವಿದ್ಯೆಗೆ ಕಾರೇಜ್ ಎಂದು ಹೆಸರು. ಜನರು ಇದನ್ನು ಸುರಂಗಬಾವಿ ಎನ್ನುವರು. ನೌಬಾದಿನ ಸುರಂಗವು ಸುಮಾರು 3 ಕಿಲೋಮೀಟರ್ ಉದ್ದವಾಗಿದ್ದು, ಅದಕ್ಕೆ 21 ಗಾಳಿಬಾವಿಗಳಿವೆ. ಶುಕ್ಲತೀರ್ಥ, ಜಮುನಾ ಮೋರಿ ಎಂಬ ಬೇರೆ ಸುರಂಗಗಳೂ ಉಂಟು.

ಈ ವ್ಯವಸ್ಥೆಯ ಗುಣವೂ ಮಿತಿಯೂ ಒಂದೇ: ತಾನಾಗಿ ಹರಿದು ಬಂದಷ್ಟೇ ನೀರು. ಮಳೆಯು ಇತ್ತುದಕ್ಕಿಂತ ಹೆಚ್ಚನ್ನು ಅದು ಬಹುಕಾಲ ಕೊಡಲಾರದು. 2011ರ ಜನಗಣತಿಯ ವೇಳೆಗೆ ನಗರದ ಜನಸಂಖ್ಯೆಯು 2 ಲಕ್ಷವನ್ನು ಮೀರಿದ್ದಿತು. ಇಷ್ಟು ಜನಕ್ಕೆ ಸುರಂಗಗಳು ಸಾಲವು. ಆದಕಾರಣ ಕೊಳವೆಬಾವಿಗಳು ಬಂದವು. ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದ ನೀರನ್ನೂ ನಗರಕ್ಕೆ ತರಲಾಯಿತು. ಆ ಜಲಾಶಯವಾದರೋ ರೈತರ ಹೊಲಗಳನ್ನು ಮುಳುಗಿಸಿ, ರೈತರ ಹೊಲಗಳಿಗಾಗಿಯೇ ಕಟ್ಟಿದುದು. ನಗರದ ದಾಹವು ಹೆಚ್ಚಿದಷ್ಟೂ ಹಳ್ಳಿಯ ಪಾಲಿನ ಪ್ರಶ್ನೆಯು ತೀಕ್ಷ್ಣವಾಗುವುದು.

ಇದರ ನಡುವೆ ನಾವು ಇನ್ನೊಂದು ನಷ್ಟವನ್ನು ತಂದುಕೊಂಡೆವು. ಬೆಳೆಯುವ ಊರು ನೀರನ್ನು ಕುಡಿಯುವುದಷ್ಟೇ ಅಲ್ಲ, ನೀರಿಂಗುವ ನೆಲವನ್ನೂ ಮುಚ್ಚುವುದು. ಬಡಾವಣೆಗಳೂ ರಸ್ತೆಗಳೂ ಹಬ್ಬಿದಂತೆ ಹಲವು ಗಾಳಿಬಾವಿಗಳು ಮಣ್ಣುಪಾಲಾದವು. 2015ರ ಸುಮಾರಿಗೆ ನೌಬಾದಿನ ಸುರಂಗದ ಹೂಳನ್ನು ತೆಗೆಯಿಸಿದಾಗ ನೀರು ಮತ್ತೆ ಕಾಣಿಸಿಕೊಂಡಿತು.

ಹಳೆಯ ಸುರಂಗಗಳಿಂದಲೇ ಇಂದಿನ ನಗರವು ಬದುಕಬಲ್ಲದೆಂದು ನಾವು ಹೇಳುವುದಿಲ್ಲ. ಆದರೆ ಜಂಬಿಟ್ಟಿಗೆಯ ನೆಲವನ್ನು ತೆರೆದಿಟ್ಟು ಮಳೆಯನ್ನು ಒಳಗೆ ಬಿಟ್ಟಷ್ಟೂ ಕಾರಂಜಾದ ಮೇಲಿನ ಭಾರವು ತಗ್ಗುವುದು. ನೆರೆಯವನ ಹೊಲದ ನೀರನ್ನು ಬೇಡುವ ಮೊದಲು ತನ್ನ ಕಾಲಡಿಯ ನೀರನ್ನು ಕಾಪಾಡಿಕೊಳ್ಳುವುದು ನಗರದ ಧರ್ಮವಲ್ಲವೇ?