ತೊಟ್ಟಿಲ ಹಗ್ಗದ ತಾಳ

ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಜೋಗತಿಯರ ಚೌಡಿಕೆ ಕೇಳಿ ಬಂದ ಮೇಲೆ ನಮ್ಮಲ್ಲೊಬ್ಬರಿಗೆ ಅದರಲ್ಲಿ ಐರಿಶ್ ಜೋಗುಳ ನುಡಿಸುವ ಹುಚ್ಚು ಹಿಡಿಯಿತು. ಆಗಲಿಲ್ಲ. ಚೌಡಿಕೆಗಿರುವುದು ಒಂದೇ ತಂತಿ. ಅದು ಶ್ರುತಿ, ತಾಳ ಕೊಡುತ್ತದೆ. ರಾಗ ಹಾಡುವವರ ಗಂಟಲಲ್ಲೇ ಇರಬೇಕು.

ಐರ್ಲೆಂಡಿನ ಹಳೆಯ ಕಥೆಗಳಲ್ಲಿ ಹಾರ್ಪ್ ಸಂಗೀತ ಮೂರು ಬಗೆ: ಅಳಿಸುವುದು, ನಗಿಸುವುದು, ಮಲಗಿಸುವುದು. ಮೂರನೆಯದಕ್ಕೆ ಸೂಅನ್‌ತ್ರೀ ಎಂದು ಹೆಸರು. ದಾಗ್ದಾ ಎಂಬ ದೇವತೆ ಅದನ್ನು ನುಡಿಸಿ ಶತ್ರುಪಡೆಯನ್ನೇ ಮಲಗಿಸಿ ಪಾರಾದನಂತೆ. ಅಲ್ಲಿ ಜೋಗುಳಕ್ಕೂ ವಾದ್ಯ ಸಿಕ್ಕಿತು, ಪುರಾಣವೂ ಸಿಕ್ಕಿತು.

ನಮ್ಮಲ್ಲಿ? ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಅಲ್ಲಮ ಮದ್ದಳೆಗಾರನಾಗಿದ್ದನೆಂದು ಹರಿಹರ ರಗಳೆಯಲ್ಲಿ ಬರೆದ. 15ನೆಯ ಶತಮಾನದ ಚಾಮರಸನೂ 'ಪ್ರಭುಲಿಂಗಲೀಲೆ'ಯಲ್ಲಿ ಆ ಮದ್ದಳೆಯನ್ನು ಮರೆಯಲಿಲ್ಲ. ನಾಲ್ಕು ಜನರ ಮುಂದೆ ಬಾರಿಸಿದ್ದು ಕಾವ್ಯಕ್ಕೆ ಬಂತು. ಅದೇ ಬಳ್ಳಿಗಾವೆಯಲ್ಲಿ ತೊಟ್ಟಿಲ ಬಳಿ ಹಾಡಿದವಳಿಗೆ ವಾದ್ಯ ಹಿಡಿಯಲು ಕೈಯಾದರೂ ಎಲ್ಲಿ ಬಿಡುವಿತ್ತು? ಒಂದು ಕೈ ಹಗ್ಗಕ್ಕೆ, ಇನ್ನೊಂದು ಮೊರದ ಅಕ್ಕಿಗೆ. ತಾಳವೆಂದರೆ ಹಗ್ಗ ತೊಲೆಗೆ ಉಜ್ಜುವ ಕಿರುಗುಟ್ಟುವಿಕೆ, ಅಷ್ಟೇ.

ಸೊರಬದ ಹಳ್ಳಿಮನೆಯೊಂದರಲ್ಲಿ ಅಜ್ಜಿಯೊಬ್ಬರಿಂದ ಜೋಗುಳ ಹೇಳಿಸಲು ಕೂತೆವು. ಮೊಬೈಲ್ ಮುಂದಿಟ್ಟಿದ್ದೇ ತಡ, ಎರಡನೇ ಸಾಲಿಗೆ ಮರೆತರು. "ತೂಗ್ದೆ ಇದ್ರೆ ಹಾಡು ಬರಲ್ಲ ಕಣೆ ತಂಗಿ" ಅಂದರು. ಪಕ್ಕದ ಮನೆಯ ಕೂಸನ್ನು ತಂದು ಸೀರೆ ಜೋಲಿಯಲ್ಲಿ ಹಾಕಿಕೊಟ್ಟೆವು. ಆಮೇಲೆ ನಿಲ್ಲಲೇ ಇಲ್ಲ. ರೆಕಾರ್ಡ್ ಆದದ್ದು 11 ನುಡಿ. ಕೂಸು 4ನೆಯದಕ್ಕೇ ಮಲಗಿತ್ತು.