ಗೋಡೆಗೆ ಗೋಡೆ ತಾಗಿದ ಮನೆಯಲ್ಲಿ ಕರೆಂಟ್ ಉಳಿಸೋಕೆ ಆಗಲ್ವಾ? ಮರ್ಫಿ ಟೌನ್ ಗಲ್ಲಿಯ ಲೆಕ್ಕ ಹೇಳುವುದೇ ಬೇರೆ

ಹಸಿರು ಲಾನ್ ನಡುವೆ ಒಂಟಿಯಾಗಿ ನಿಂತ ಗಾಜಿನ ಮನೆ, ಮೇಲೆ ಸೋಲಾರ್ ಪ್ಯಾನೆಲ್. ‘ವಿದ್ಯುತ್ ಉಳಿಸುವ ಆಧುನಿಕ ಮನೆ’ ಎಂಬ ಒಕ್ಕಣೆಯೊಂದಿಗೆ ಬರುವ ಫಾರ್ವರ್ಡ್‌ಗಳಲ್ಲಿ ಹೆಚ್ಚಾಗಿ ಇಂಥದ್ದೇ ಫೋಟೋ ಇರುತ್ತದೆ. ಜೊತೆಗೊಂದು ಸಲಹೆ: ನಾಲ್ಕೂ ಕಡೆ ಜಾಗ ಬಿಟ್ಟು ಕಟ್ಟಿಸಿ, ಒತ್ತೊತ್ತಾಗಿ ಕಟ್ಟಿದರೆ ಮನೆ ಕಾದ ಹೆಂಚಾಗುತ್ತದೆ, ಪಕ್ಕದ ಮನೆಯ ಬಿಸಿಯೂ ನಿಮಗೇ ಬರುತ್ತದೆ.

ಇದರಲ್ಲಿ ಎಷ್ಟು ನಿಜ? ನೋಡಲು ನಾವು ಮರ್ಫಿ ಟೌನ್ ಅನ್ನು ಆರಿಸಿಕೊಂಡೆವು. ಹಲಸೂರು ಮತ್ತು ಇಂದಿರಾನಗರದ ನಡುವೆ ಇರುವ ಈ ಬಡಾವಣೆಗೆ ಹಿಂದೆ ನಾಕ್ಸ್‌ಪೇಟೆ ಎಂಬ ಹೆಸರಿತ್ತು. ದಂಡು ಪ್ರದೇಶ ಬ್ರಿಟಿಷರ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಆಗಿದ್ದಾಗ, ಬಡ ದುಡಿಯುವ ಕುಟುಂಬಗಳಿಗೆಂದು ಯೋಜನೆ ಹಾಕಿ ಕಟ್ಟಿದ ಊರು ಇದು. ಅದನ್ನು ರೂಪಿಸಿದ ಎಂಜಿನಿಯರ್ ಡಬ್ಲ್ಯೂ.ಎಚ್. ಮರ್ಫಿ ಹೆಸರೇ ಈಗಲೂ ಉಳಿದಿದೆ. ಇಂದು ಅಲ್ಲಿ ಚಿಕ್ಕ ಚಿಕ್ಕ ಸೈಟುಗಳು, ಅವುಗಳ ಮೇಲೆ ಎರಡು ಮೂರು ಅಂತಸ್ತು, ಕೆಳಗೆ ಓನರ್, ಮೇಲೆ ಬಾಡಿಗೆದಾರರು.

ಪಕ್ಕದ ಗೋಡೆ ಬಿಸಿ ತರುತ್ತದೆಯೇ?

ಒಂದು 20x30 ಸೈಟ್ ತೆಗೆದುಕೊಳ್ಳಿ. ಪೂರ್ತಿ ಸೈಟಿನಲ್ಲಿ ಹತ್ತು ಅಡಿ ಎತ್ತರದ ಮನೆ ಕಟ್ಟಿದ್ದಾರೆ ಎನ್ನೋಣ. ಅದು ಒಂಟಿಯಾಗಿ ನಿಂತಿದ್ದರೆ ಹೊರಗೋಡೆಯ ಒಟ್ಟು ವಿಸ್ತೀರ್ಣ 1,000 ಚದರ ಅಡಿ, ಅಷ್ಟೂ ಬಿಸಿಲಿಗೆ, ಗಾಳಿಗೆ ತೆರೆದಿರುತ್ತದೆ. ಎರಡು ಉದ್ದನೆಯ ಬದಿಗಳಲ್ಲಿ ಪಕ್ಕದ ಮನೆಗಳು ಒತ್ತಿಕೊಂಡಿದ್ದರೆ ತೆರೆದಿರುವುದು ಮುಂದಿನ ಮತ್ತು ಹಿಂದಿನ ಗೋಡೆ ಮಾತ್ರ, ಅಂದರೆ 400 ಚದರ ಅಡಿ. ಬಿಸಿಲು ಬೀಳುವ ಗೋಡೆಯಲ್ಲಿ ಶೇ 60ರಷ್ಟು ಕಡಿಮೆಯಾಯಿತು, ಅದೂ ಒಂದು ರೂಪಾಯಿ ಖರ್ಚಿಲ್ಲದೆ.

ಇನ್ನು ಪಕ್ಕದ ಮನೆಯ ಬಿಸಿ. ಶಾಖ ಹರಿಯಬೇಕಾದರೆ ಎರಡು ಬದಿಯ ತಾಪಮಾನದಲ್ಲಿ ವ್ಯತ್ಯಾಸ ಇರಬೇಕು. ನಿಮ್ಮ ಕೋಣೆಯೂ 29 ಡಿಗ್ರಿ, ಪಕ್ಕದವರದ್ದೂ 29 ಡಿಗ್ರಿ ಇದ್ದರೆ ಆ ಗೋಡೆಯ ಮೂಲಕ ಏನೂ ಬರುವುದಿಲ್ಲ. ಅವರು ಎಸಿ ಹಾಕಿಕೊಂಡಿದ್ದರೆ ನಿಮಗೇ ಒಂದಿಷ್ಟು ತಂಪು ಪುಕ್ಕಟೆ! ಜರ್ಮನಿಯ ಫ್ರೈಬರ್ಗ್‌ನಲ್ಲಿ ವಾಸ್ತುಶಿಲ್ಪಿ ರೋಲ್ಫ್ ಡಿಶ್ ರೂಪಿಸಿದ ಶ್ಲಿಯರ್‌ಬರ್ಗ್ ಸೋಲಾರ್ ಬಡಾವಣೆಯಲ್ಲಿ 59 ಮನೆಗಳಿವೆ. ವರ್ಷದಲ್ಲಿ ಬಳಸುವುದಕ್ಕಿಂತ ಹೆಚ್ಚು ವಿದ್ಯುತ್ ಉತ್ಪಾದಿಸುವುದಕ್ಕೆ ಅವು ಹೆಸರಾದವು. ಆ ಮನೆಗಳೂ ಸಾಲಾಗಿ, ಗೋಡೆಗೆ ಗೋಡೆ ತಾಗಿಕೊಂಡೇ ನಿಂತಿವೆ. ಅಲ್ಲಿ ಉದ್ದೇಶ ಚಳಿಗಾಲದ ಬಿಸಿಯನ್ನು ಒಳಗೆ ಉಳಿಸಿಕೊಳ್ಳುವುದು, ಇಲ್ಲಿ ಬಿಸಿಲನ್ನು ಹೊರಗಿಡುವುದು. ಗೋಡೆಯ ಲೆಕ್ಕ ಎರಡೂ ಕಡೆ ಒಂದೇ.

ಒಂದು ಮಾತು ಸೇರಿಸಬೇಕು. ನಮ್ಮಲ್ಲಿ ಗೋಡೆ ನಿಜಕ್ಕೂ ಒಂದೇ ಆಗಿರುವುದು ಅಪರೂಪ. ಎರಡು ಮನೆಗಳ ನಡುವೆ ಎರಡು ಮೂರು ಇಂಚಿನ ಸಂದು ಇರುತ್ತದೆ. ಅದಕ್ಕೆ ಬಿಸಿಲು ಬೀಳದ ಕಾರಣ ತಂಪಿಗೇನೂ ಮೋಸವಿಲ್ಲ, ಆದರೆ ಮಳೆನೀರು ಇಳಿದರೆ ಎರಡೂ ಮನೆಯ ಗೋಡೆ ವರ್ಷಪೂರ್ತಿ ತೇವ, ಬೂಷ್ಟು. ಆ ಸಂದಿಗೆ ಮೇಲಿನಿಂದ ಶೀಟ್ ಹೊದಿಸಬೇಕಾದರೆ ಎರಡೂ ಮನೆಯವರು ಮಾತಾಡಿಕೊಳ್ಳಲೇಬೇಕು.

ಹಾಗಾದರೆ ಮೇಲಿನ ಮನೆ ಯಾಕೆ ಬೇಯುತ್ತದೆ?

ಕಾರಣ ತಾರಸಿ. ಬೆಂಗಳೂರು ಇರುವುದು ಉತ್ತರಕ್ಕೆ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ, ಶೂನ್ಯ ನೆರಳಿನ ದಿನ ಎಂದು ಮಕ್ಕಳಿಗೆ ತೋರಿಸುತ್ತೇವಲ್ಲ, ಅದೇ. ನಗರದ ಅಧಿಕೃತ ದಾಖಲೆಯ 39.2 ಡಿಗ್ರಿ ಬಂದದ್ದೂ 2016ರ ಏಪ್ರಿಲ್ 24ರಂದು. ಆ ದಿನಗಳಲ್ಲಿ ಹೆಚ್ಚು ಬಿಸಿಲು ಕುಡಿಯುವುದು ಗೋಡೆಯಲ್ಲ, ಚಾವಣಿ. ಮಧ್ಯಾಹ್ನ ಕಾದ ಆರ್‌ಸಿಸಿ ಸ್ಲ್ಯಾಬ್ ಆ ಶಾಖವನ್ನು ಕೆಲವು ಗಂಟೆ ತಡವಾಗಿ ಒಳಕ್ಕೆ ಬಿಡುತ್ತದೆ. ಹೊರಗೆ ತಂಗಾಳಿ ಬೀಸುತ್ತಿದ್ದರೂ ರಾತ್ರಿ ಎಂಟು ಒಂಬತ್ತಕ್ಕೆ ಮೇಲಿನ ಮನೆಯ ಮಗು ಬೆವರುವುದು ಇದರಿಂದಲೇ.

ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ವಾಸದ ಮನೆಗಳಿಗೆ ‘ಇಕೋ ನಿವಾಸ್ ಸಂಹಿತಾ’ ತಂದು, ಚಾವಣಿ ಎಷ್ಟು ಶಾಖ ಒಳಬಿಡಬಹುದು ಎಂಬುದಕ್ಕೆ ಮಿತಿ ಹಾಕಿತು. ಬರೀ ಆರ್‌ಸಿಸಿ ಸ್ಲ್ಯಾಬ್ ಆ ಮಿತಿಯ ಎರಡರಿಂದ ಮೂರು ಪಟ್ಟು ಶಾಖ ಬಿಡುತ್ತದೆ. ಆದರೆ ಸಂಹಿತೆಯನ್ನು ಅನ್ವಯಿಸಿದ್ದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಸೈಟುಗಳಿಗೆ. ಅಂದರೆ ಸುಮಾರು 5,400 ಚದರ ಅಡಿ, ನಮ್ಮ 20x30 ಸೈಟಿನ ಒಂಬತ್ತು ಪಟ್ಟು. ತಾರಸಿಯ ಕೆಳಗೆ ನೇರವಾಗಿ ಮಲಗುವ ಬಾಡಿಗೆದಾರರ ಮನೆ ಯಾವ ನಿಯಮದ ಲೆಕ್ಕಕ್ಕೂ ಬರಲಿಲ್ಲ. ಇದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಪರಿಹಾರ ದುಬಾರಿಯಲ್ಲ. ತಾರಸಿಗೆ ಸುಣ್ಣ ಅಥವಾ ಬಿಸಿಲು ಪ್ರತಿಫಲಿಸುವ ಬಿಳಿ ಪೇಂಟ್ ಬಳಿದರೆ ಕೆಳಗಿನ ಕೋಣೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಡಿಗ್ರಿ ಇಳಿಯುತ್ತದೆ. ತೆಲಂಗಾಣ 2023ರಲ್ಲಿ ಇದಕ್ಕೆಂದೇ ತಂಪು ಚಾವಣಿ ನೀತಿ ತಂದಿತು. ಆದರೆ ಒಂದು ಡಬ್ಬಿ ಪೇಂಟ್ ಬಳಿದರೆ ಕೋಣೆ ಎಸಿಯಂತಾಗುತ್ತದೆ ಎಂಬ ವಿಡಿಯೊ ಬಂದರೆ ನಂಬಬೇಡಿ. ಧೂಳು ಕೂತು ಬಿಳುಪು ಮಾಸುತ್ತದೆ, ಆಗಾಗ ತೊಳೆಯಬೇಕು, ಮತ್ತೆ ಬಳಿಯಬೇಕು.

ಗಾಜು ಮತ್ತು ಬಿಗಿ ಕಿಟಕಿ

ಯುರೋಪಿನಿಂದ ಬರುವ ಫೋಟೋಗಳ ಎರಡು ಪದರದ ಗಾಜು, ಗಾಳಿಯಾಡದಂತೆ ಮುಚ್ಚಿದ ಬಾಗಿಲು ನಮಗೆ ಬೇಡ. ಇಲ್ಲಿ ಮನೆ ಬಿಸಿ ಮಾಡುವ ಖರ್ಚೇ ಇಲ್ಲ. ಬೇಸಿಗೆಯಲ್ಲೂ ರಾತ್ರಿ 22–23 ಡಿಗ್ರಿಗೆ ಇಳಿಯುವ ಊರಿನಲ್ಲಿ ಕಿಟಕಿ ತೆರೆದರೆ ಅದೇ ದೊಡ್ಡ ಕೂಲರ್.

ಒತ್ತೊತ್ತಾದ ಮನೆಯ ನಿಜವಾದ ಕೊರತೆ ಇರುವುದು ಇಲ್ಲೇ. ಫಾರ್ವರ್ಡ್‌ಗಳು ಬಿಸಿಯ ಬಗ್ಗೆ ಹೆದರಿಸುತ್ತವೆ, ಗಾಳಿ ಬೆಳಕಿನ ಮಾತೆತ್ತುವುದಿಲ್ಲ. ಪಕ್ಕದ ಗೋಡೆಗಳಲ್ಲಿ ಕಿಟಕಿ ಇಡಲಾಗದೆ ನಡುಕೋಣೆ ಹಗಲಲ್ಲೂ ಕತ್ತಲಾಗುತ್ತದೆ, ಟ್ಯೂಬ್‌ಲೈಟ್ ಉರಿಯುತ್ತಲೇ ಇರುತ್ತದೆ. ಗಾಳಿಯಾಡದ ಕೋಣೆಯಲ್ಲಿ ಕ್ಷಯದಂಥ, ಗಾಳಿಯಿಂದ ಹರಡುವ ಸೋಂಕು ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದೂ ಸುಲಭ. ಹಾಗಾಗಿ ಮನೆ ಕಟ್ಟುವಾಗ ಮುಂದೊಂದು ಹಿಂದೊಂದು ಕಿಟಕಿ ಎದುರುಬದುರು ಬರಲಿ, ಮೆಟ್ಟಿಲ ಮೇಲ್ಭಾಗದಲ್ಲಿ ಬಿಸಿಗಾಳಿ ಹೊರಹೋಗಲು ಜಾಲರಿ ಇರಲಿ. ಆ ನಾಲ್ಕು ಚದರ ಅಡಿ ಜಾಗಕ್ಕೆ ಜಿಪುಣತನ ಮಾಡಬೇಡಿ.

ಗಲ್ಲಿಯಲ್ಲಿ ಎಸಿಯ ಮಾತೂ ಬರುತ್ತದೆ. ಎಸಿ ಶಾಖವನ್ನು ನಾಶ ಮಾಡುವುದಿಲ್ಲ, ಕೋಣೆಯ ಶಾಖದ ಜೊತೆ ತಾನು ಬಳಸಿದ ವಿದ್ಯುತ್ತಿನ ಶಾಖವನ್ನೂ ಸೇರಿಸಿ ಹೊರಗೆ ಸುರಿಯುತ್ತದೆ. ಅದರ ಹೊರಗಿನ ಪೆಟ್ಟಿಗೆಯನ್ನು ಮೂರಡಿ ಸಂದಿಯಲ್ಲಿ ತೂಗುಹಾಕಿದರೆ ಎದುರುಮನೆಯವರು ಕಿಟಕಿ ಮುಚ್ಚಬೇಕು, ಆಮೇಲೆ ಅವರೂ ಎಸಿ ಕೊಳ್ಳಬೇಕು. ಅದನ್ನು ತಾರಸಿಗೆ ಒಯ್ದರೆ ಈ ಜಗಳ ಇಲ್ಲ.

ಬಿಲ್ಲಿನ ಲೆಕ್ಕ

‘ಗೃಹಜ್ಯೋತಿ ಇದೆ, ಉಳಿಸಿ ಏನು ಪ್ರಯೋಜನ?’ ಎಂದು ಕೇಳುವವರಿದ್ದಾರೆ. 2023ರಲ್ಲಿ ಬಂದ ಈ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ದಿನಕ್ಕೆ ಐದಾರು ಗಂಟೆ ಓಡುವ ಒಂದು ಎಸಿಯೇ 150 ಯೂನಿಟ್ ಆಸುಪಾಸು ನುಂಗಬಲ್ಲದು.

ಹಳೆಯ 75 ವ್ಯಾಟ್ ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್‌ಗೆ ಸುಮಾರು 11. ಇದಕ್ಕಿಂತ ದೊಡ್ಡದು ಸ್ನಾನದ ನೀರು. 20 ಲೀಟರ್ ನೀರನ್ನು 25 ಡಿಗ್ರಿ ಹೆಚ್ಚಿಸಲು ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು ಬೇಕು. ನಾಲ್ಕು ಜನರಿರುವ ಮನೆಗೆ ಅದೇ ತಿಂಗಳಿಗೆ 70 ಯೂನಿಟ್. ಸೋಲಾರ್ ವಾಟರ್ ಹೀಟರ್ ಇದರ ಬಹುಪಾಲನ್ನು ಉಳಿಸುತ್ತದೆ, ಮೋಡದ ದಿನಗಳಲ್ಲಿ ಮಾತ್ರ ಗೀಸರ್ ಬೇಕು. ಓನರ್ ಒಂದೇ ಹೀಟರ್ ಹಾಕಿಸಿ ಎರಡೂ ಅಂತಸ್ತಿಗೆ ಪೈಪ್ ಎಳೆಸಿದರೆ ಬಾಡಿಗೆದಾರರ ಮೀಟರ್ ಕೂಡ ನಿಧಾನವಾಗುತ್ತದೆ.

ಸೋಲಾರ್ ವಿದ್ಯುತ್ತಿಗೆ 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಸಬ್ಸಿಡಿ ಇದೆ: ಒಂದು ಕಿಲೋವ್ಯಾಟಿಗೆ 30,000 ರೂಪಾಯಿ, ಎರಡಕ್ಕೆ 60,000, ಮೂರು ಮತ್ತು ಅದಕ್ಕಿಂತ ಹೆಚ್ಚಿಗೆ 78,000. ಒಂದು ಕಿಲೋವ್ಯಾಟಿಗೆ ನೆರಳಿಲ್ಲದ ಸುಮಾರು 100 ಚದರ ಅಡಿ ತಾರಸಿ ಬೇಕು, ತಿಂಗಳಿಗೆ 100ರಿಂದ 120 ಯೂನಿಟ್ ಬರುತ್ತದೆ.

ಇಲ್ಲಿ ‘ನೆರಳಿಲ್ಲದ’ ಎಂಬುದೇ ಗಲ್ಲಿಯ ಸಮಸ್ಯೆ. ಪ್ಯಾನೆಲ್‌ಗಳನ್ನು ಸರಣಿಯಾಗಿ ಜೋಡಿಸಿರುವುದರಿಂದ ಒಂದರ ಮೇಲೆ ಬಿದ್ದ ನೆರಳು ಉಳಿದವುಗಳ ಉತ್ಪಾದನೆಯನ್ನೂ ಎಳೆದುಹಾಕಬಹುದು. ದಕ್ಷಿಣದ ಮನೆಯವರು ನಿಮ್ಮ ತಾರಸಿಗಿಂತ ಒಂದು ಅಂತಸ್ತು, ಅಂದರೆ ಹತ್ತು ಅಡಿ ಎತ್ತರಿಸಿದರೆ, ಡಿಸೆಂಬರ್ ಕೊನೆಯ ವಾರ ನಡುಮಧ್ಯಾಹ್ನದ ನೆರಳು ನಿಮ್ಮ ತಾರಸಿಯ ಮೇಲೆ ಸುಮಾರು ಏಳೂವರೆ ಅಡಿ ಚಾಚುತ್ತದೆ. ಬೆಳಿಗ್ಗೆ, ಸಂಜೆ ಇನ್ನೂ ಉದ್ದ. ಆದ್ದರಿಂದ ಪ್ಯಾನೆಲ್‌ಗೆ ಅಡ್ವಾನ್ಸ್ ಕೊಡುವ ಮೊದಲು ಆ ಮನೆಯವರನ್ನು ‘ಮೇಲೆ ಕಟ್ಟೋ ಯೋಚನೆ ಇದೆಯಾ?’ ಎಂದು ಕೇಳಿ. ಇದೆ ಎಂದರೆ ಸ್ಟ್ಯಾಂಡ್ ಎತ್ತರಿಸುವುದೋ, ಪ್ಯಾನೆಲ್‌ಗಳನ್ನು ತಾರಸಿಯ ಉತ್ತರದ ಅಂಚಿಗೆ ಸರಿಸುವುದೋ ಎಂಬುದನ್ನು ಹಾಕುವವರ ಜೊತೆ ಆಗಲೇ ತೀರ್ಮಾನಿಸಬಹುದು.