ಆನಂದರಾವ್ ಕೌಂಡಿನ್ಯರ ದೀಕ್ಷಾಸ್ನಾನ ಮತ್ತು ಆಸ್ತಿಯ ಪ್ರಶ್ನೆ

ಹರ್ಮನ್ ಆನಂದರಾವ್ ಕೌಂಡಿನ್ಯರ ಮಾತು ಬಂದಾಗಲೆಲ್ಲ ಒಂದು ವಾದ ಕೇಳಿಬರುತ್ತದೆ: ಕಂಪನಿ ಸರ್ಕಾರದ ಕಾನೂನು ಬೆನ್ನಿಗಿದ್ದುದರಿಂದ ಮಂಗಳೂರಿನ ಈ ಸಾರಸ್ವತ ಯುವಕ ಆಸ್ತಿಯ ಅಂಜಿಕೆಯಿಲ್ಲದೆ ಕ್ರೈಸ್ತನಾದ ಎಂದು. ಇದಕ್ಕೆ ಆಧಾರವಾಗಿ ತೋರಿಸುವುದು ಎರಡನ್ನು: ಮತಾಂತರಗೊಂಡವನ ದಾಯಹಕ್ಕನ್ನು ಕಾಯುವ 1850ರ 21ನೆಯ ಕಾಯಿದೆ, ಆಮೇಲೆ ಕೊಡಗಿನಲ್ಲಿ ಅವರು ಮಾಡಿದ ಜಮೀನು. ಈ ಎರಡು ಆಧಾರಗಳೂ ಪರೀಕ್ಷೆಗೆ ನಿಲ್ಲುವುದಿಲ್ಲ.

ಮೊದಲು ಕಾಲವನ್ನು ನೋಡೋಣ. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗರ ಪ್ರಭಾವದಿಂದ ಕೌಂಡಿನ್ಯರೂ ಇನ್ನಿಬ್ಬರು ಬ್ರಾಹ್ಮಣ ತರುಣರೂ ದೀಕ್ಷಾಸ್ನಾನ ಪಡೆದದ್ದು 1844ರ ಜನವರಿಯಲ್ಲಿ. ಆ ಕಾಯಿದೆ ಬಂದದ್ದು ಆರು ವರ್ಷಗಳ ನಂತರ. 'ಅಂಥದೇ ರಕ್ಷಣೆಯ 1832ರ ರೆಗ್ಯುಲೇಷನ್ ಇತ್ತಲ್ಲ' ಎನ್ನುವವರು ಅದರ ವ್ಯಾಪ್ತಿಯನ್ನು ಗಮನಿಸಬೇಕು. ಅದು ಬಂಗಾಳ ಪ್ರಾಂತಕ್ಕೆ ಸೇರಿದ್ದು. ಮಂಗಳೂರು ಸೇರಿದ್ದ ಕೆನರಾ ಜಿಲ್ಲೆ ಇದ್ದದ್ದು ಮದ್ರಾಸ್ ಪ್ರಾಂತದಲ್ಲಿ. ಪತಿತನಿಗೆ ದಾಯಭಾಗವಿಲ್ಲವೆಂಬ ಧರ್ಮಶಾಸ್ತ್ರದ ಮಾತೇ ಅಲ್ಲಿ ಎದುರಿಗಿತ್ತು. (ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿದ್ದರೆ ಏನಾಗುತ್ತಿತ್ತೆಂಬುದು ಬೇರೆ ಪ್ರಶ್ನೆ. ಹೆಜ್ಜೆ ಇಡುವವನ ಕೈಯಲ್ಲಿ ಯಾವ ಭರವಸೆ ಇತ್ತೆಂಬುದಷ್ಟೇ ಇಲ್ಲಿ ಮುಖ್ಯ.) ಊರು ಕೆರಳಿತು, ಮನೆತನ ದೂರವಾಯಿತು, ಹೆಂಡತಿ ಅವರೊಡನೆ ಬರಲಿಲ್ಲ. ಮುಂದೆ ಬಂದ ಕಾಯಿದೆಯನ್ನು ಹಿಂದಿನ ನಿರ್ಧಾರಕ್ಕೆ ಕಾರಣವಾಗಿಸುವುದನ್ನು ಚರಿತ್ರೆಯೆಂದು ನಾನು ಒಪ್ಪಲಾರೆ.

ಇನ್ನು ಜಮೀನಿನ ಮಾತು. ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದ ಕೌಂಡಿನ್ಯರು ಕೊಡಗಿನಲ್ಲಿ ಭೂಮಿ ಮಾಡಿದ್ದು ನಿಜ. ಆದರೆ ಆ ಭೂಮಿ ಯಾರಿಗಾಯಿತು? ಅಂದಿನ ದಾಖಲೆಗಳು ಹೊಲೆಯರೆಂದು ಹೆಸರಿಸುವ, ಒಡೆಯರ ಗದ್ದೆಗೆ ಕಟ್ಟುಬಿದ್ದಿದ್ದ ಕುಟುಂಬಗಳು ಕ್ರೈಸ್ತರಾದ ಮೇಲೆ ನೆಲೆ ಕಂಡದ್ದು ಅಲ್ಲಿಯೇ, ಅಮ್ಮತ್ತಿ ಬಳಿಯ ಆನಂದಪುರದಲ್ಲಿ. ಕೊಡಗಿನ ಮಿಷನ್ನಿನ ಹಿನ್ನೆಲೆ ತಿಳಿಯಬೇಕಾದರೆ ಮೊಗ್ಲಿಂಗರು 1855ರಲ್ಲಿ ಪ್ರಕಟಿಸಿದ 'ಕೂರ್ಗ್ ಮೆಮಾಯರ್ಸ್' ತೆರೆಯಬೇಕು. ರಾಜರ ಕಥೆಗಾಗಿ ಅದನ್ನು ಓದುವವರು ಮಿಷನ್ನಿನ ಭಾಗವನ್ನು ಹಾರಿಸಿಬಿಡುತ್ತಾರೆ.

ಕೌಂಡಿನ್ಯರನ್ನು ಸರ್ವಸ್ವ ತೊರೆದ ಸಂನ್ಯಾಸಿಯಾಗಿ ಚಿತ್ರಿಸುವ ಭಕ್ತರ ಬಗೆಗೂ ನನಗೆ ತಕರಾರಿದೆ. ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸು ಐಶ್ವರ್ಯವಂತ ಅಧಿಕಾರಿಗೆ ಇದ್ದದ್ದೆಲ್ಲ ಮಾರಿ ಬಡವರಿಗೆ ಕೊಡೆನ್ನುತ್ತಾನೆ, ಅವನು ದುಃಖಪಡುತ್ತಾನೆ. ಮುಂದಿನ ಅಧ್ಯಾಯದಲ್ಲೇ ಸುಂಕದ ಜಕ್ಕಾಯ ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುತ್ತೇನೆಂದರೂ ರಕ್ಷಣೆ ಅವನ ಮನೆಗೆ ಬರುತ್ತದೆ. ಬಿಟ್ಟ ಹಣದ ಲೆಕ್ಕ ಇಲ್ಲಿ ವಿಧೇಯತೆಯ ಅಳತೆಯಲ್ಲ. ದೇವರ ಕರೆ ಬಂದಾಗ ಆಸ್ತಿ ಅಡ್ಡ ನಿಂತಿತೋ, ಆ ಕರೆಗೆ ಒದಗಿತೋ ಎಂಬುದೇ ಅಳತೆ. 1844ರಲ್ಲಿ ಕೌಂಡಿನ್ಯರು ಕಳೆದುಕೊಳ್ಳಲು ಸಿದ್ಧರಿದ್ದರು, ಆನಂದಪುರದಲ್ಲಿ ಒದಗಿಸಿದರು. ಎರಡೂ ಒಂದೇ ನಂಬಿಕೆಯ ಕೆಲಸವೆಂಬುದು ನನ್ನ ನಿಲುವು.

ಕಾಲ, ಸೀಮೆಗಳನ್ನು ನೋಡಿ ಮಾತಾಡುವ ಈ ಎಚ್ಚರ ಕರಾವಳಿಗಷ್ಟೇ ಸಾಲದು. 1850ರ ಕಾಯಿದೆ ಕಂಪನಿಯ ಆಡಳಿತ ಪ್ರದೇಶಕ್ಕಾಗಿ ಹೊರಟದ್ದು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳು ಆಗ ಮೈಸೂರು ಸಂಸ್ಥಾನದವು. ಅಲ್ಲಿನ ತಾವರೆಕೆರೆಯಂಥ ಊರಿನಲ್ಲಿ ಆ ಕಾಲಕ್ಕೆ ಕ್ರೈಸ್ತನಾದ ರೈತನನ್ನು ಮಂಗಳೂರಿನ ಕಾನೂನಿನಿಂದ ಅಳೆಯಲಾಗದು. 'ಲಾಭಕ್ಕಾಗಿ ಮತಾಂತರ' ಎಂದು ಬರೆಯುವವರು ಮೊದಲು ಆ ವರ್ಷ, ಆ ಸೀಮೆಯಲ್ಲಿ ಅವನ ಹೊಲ ಯಾರ ಪಾಲಾಗುತ್ತಿತ್ತೆಂದು ತೋರಿಸಲಿ.